ಮರಳಿನಲ್ಲಿ ನೆಲೆ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಸುತ್ತಿನ ಸೀಮೆ ಮಳೆಯನ್ನೇ ನಂಬಿ ಬದುಕು ಕಟ್ಟಿಕೊಂಡ ಸೀಮೆ. ವರ್ಷವಿಡೀ ತುಂಬಿ ಹರಿಯುವ ಹೊಳೆ ಅಲ್ಲಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ಈ ತಾಲ್ಲೂಕನ್ನು ಹಾದುಹೋಗುವ ಅರ್ಕಾವತಿಯೂ ಮಳೆ ಬಂದರೆ ಹೊಳೆ, ಹೋದರೆ ಬರಿಯ ಮರಳು. ಬಯಲುಸೀಮೆಯ ಹಳ್ಳಗಳು ಬೇಸಿಗೆಯಲ್ಲಿ ಬತ್ತಿಹೋದಾಗ ನಮ್ಮ ಹಿರಿಯರು ಹಳ್ಳದ ಪಾತ್ರದಲ್ಲಿ ಮರಳನ್ನು ತೋಡಿ ಒರತೆ ಮಾಡಿಕೊಂಡು ಕುಡಿಯುವ ನೀರನ್ನು ಪಡೆಯುತ್ತಿದ್ದರು. ಒರತೆ ತೋಡಿದ ಕೈಗೆ ಎರಡು ಸಂಗತಿಗಳು ತಾವಾಗಿಯೇ ತಿಳಿದುಬರುತ್ತವೆ. ಮಳೆಗಾಲದಲ್ಲಿ ಕೆಂಪಾಗಿ ಹರಿದ ನೀರು ಮರಳಿನೊಳಗೆ ಜಿನುಗಿ ಬಂದಾಗ ತಿಳಿಯಾಗಿರುತ್ತದೆ ಎಂಬುದು ಒಂದು. ಮೇಲೆ ಮೆತ್ತಗೆ ತೋರುವ ಮರಳು ಆಳಕ್ಕೆ ಹೋದಂತೆಲ್ಲ ಗಟ್ಟಿಯಾಗಿ ಎದುರು ನಿಲ್ಲುತ್ತದೆ ಎಂಬುದು ಇನ್ನೊಂದು. ಒಂದು ಕೋಲನ್ನು ಮರಳಿನಲ್ಲಿ ಊರಿದರೆ ಮೊದಲ ಗೇಣು ಸಲೀಸಾಗಿ ಇಳಿಯುತ್ತದೆ. ಎರಡನೆಯ ಗೇಣಿಗೆ ಮೈಭಾರ ಹಾಕಬೇಕಾಗುತ್ತದೆ. ಮೂರನೆಯ ಗೇಣಿಗೆ ಕೋಲು ಮುರಿದರೂ ಮುರಿಯಬಹುದು.

ಮಕ್ಕಳ ಆಟದಲ್ಲಿಯೇ ಕಾಣಸಿಗುವ ಈ ಎರಡು ಸಂಗತಿಗಳು ಮಹಾನಗರಗಳಿಗೆ ನೀರುಣಿಸುವ ಮತ್ತು ಮಹಾನದಿಗಳಿಗೆ ಸೇತುವೆ ಕಟ್ಟುವ ವಿದ್ಯೆಯ ಬುಡದಲ್ಲಿವೆ. ಅದೇ ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ಸಿಂಧೂ ನದಿಯ ಮರಳಿನಿಂದ ಗಂಗಾನದಿಯ ಮರಳಿನವರೆಗೆ ತಮ್ಮ ವಿದ್ಯೆಯನ್ನು ಒರೆಗೆ ಹಚ್ಚಿದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋದರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರ ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ಅವರ ಪೂರ್ವಿಕರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದು ಇಲ್ಲಿ ನೆಲೆಸಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಕೊರತೆಯಿತ್ತು. ಹುಡುಗನು ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಬೆಂಗಳೂರಿಗೆ ಬಂದ ಆತನು, ಅನುಕೂಲವಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚನ್ನು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಪದವೀಧರನಾದನು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿದನು. ೧೮೮೪ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯು ಆತನನ್ನು ಸಹಾಯಕ ಎಂಜಿನಿಯರನನ್ನಾಗಿ ನೇಮಿಸಿಕೊಂಡಿತು.

ಉದ್ಯೋಗಕ್ಕೆ ಸೇರಿದ ಹೊಸತರಲ್ಲಿಯೇ ಹೊಳೆಯು ಅವರಿಗೆ ಪರೀಕ್ಷೆಯೊಡ್ಡಿತು. ಖಾನ್‌ದೇಶದಲ್ಲಿ ಹೊಳೆಯೊಂದರ ಅಡಿಯಿಂದ ಕೊಳವೆಯ ಮೂಲಕ ನೀರನ್ನು ಆಚೆಯ ದಡಕ್ಕೆ ದಾಟಿಸುವ ಕೆಲಸವನ್ನು ಅವರಿಗೆ ಒಪ್ಪಿಸಲಾಗಿತ್ತು. ಮಳೆಗಾಲ ಬಂದು ಹೊಳೆ ತುಂಬಿತು. ಕೆಲಸ ಸಾಗುವುದು ದುಸ್ತರವಾಯಿತು. ಮಳೆ ಮುಗಿಯುವವರೆಗೆ ಕೆಲಸವನ್ನು ಮುಂದೂಡಲು ಅವರು ಅನುಮತಿ ಕೇಳಿದರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ತರುಣ ಎಂಜಿನಿಯರರು ಮರುಮಾತಾಡದೆ ಮತ್ತೆ ಕೆಲಸಕ್ಕೆ ಕೈಹಚ್ಚಿ ಅದನ್ನು ಪೂರೈಸಿದರು. ಎದುರಾದ ಅಡ್ಡಿಯನ್ನು ಕಂಡು ಹಿಂಜರಿಯುವ ಬದಲು ಅದರ ಸ್ವಭಾವವನ್ನು ಅರಿತುಕೊಳ್ಳಬೇಕೆಂಬ ಪಾಠವನ್ನು ಅವರು ಹೀಗೆ ಮೊದಲಲ್ಲಿಯೇ ಕಲಿತರು.

ಸುಮಾರು ಹತ್ತು ವರ್ಷಗಳ ಬಳಿಕ ಅವರನ್ನು ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕಳುಹಿಸಲಾಯಿತು. ಆ ಪ್ರಾಂತ ಅಂದು ಮುಂಬಯಿ ಆಡಳಿತಕ್ಕೆ ಸೇರಿತ್ತು. ಇಂದು ಅದು ಪಾಕಿಸ್ತಾನದಲ್ಲಿದೆ. ಊರಿನ ಪಕ್ಕದಲ್ಲಿಯೇ ಸಿಂಧೂ ಮಹಾನದಿ ಹರಿಯುತ್ತಿದ್ದರೂ ಸಕ್ಕರ್‌ನ ಜನರಿಗೆ ಶುದ್ಧವಾದ ಕುಡಿಯುವ ನೀರಿರಲಿಲ್ಲ. ನದಿಯ ನೀರು ಮಣ್ಣಿನಿಂದ ಕದಡಿರುತ್ತಿತ್ತು. ನೀರನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಆಗ ವಿಶ್ವೇಶ್ವರಯ್ಯನವರು ನದಿಯ ಮರಳನ್ನೇ ನೆರವಿಗೆ ಕರೆದರು. ದಡದ ಸಮೀಪದಲ್ಲಿ ನದಿಯ ಪಾತ್ರದೊಳಗೇ ಒಂದು ಬಾವಿಯನ್ನು ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಜಿನುಗಿ, ತನ್ನ ಕೊಳೆಯನ್ನು ಮರಳಿಗೆ ಬಿಟ್ಟು, ತಿಳಿಯಾಗಿ ಬಾವಿಯನ್ನು ಸೇರಿತು. ಅಲ್ಲಿಂದ ನೆಲದಡಿಯ ಸುರಂಗದ ಮೂಲಕ ನೀರನ್ನು ದಡಕ್ಕೆ ತಂದು, ಯಂತ್ರಗಳಿಂದ ಗುಡ್ಡದ ಮೇಲಕ್ಕೆತ್ತಿ ಊರಿಗೆ ಹಂಚುವ ಏರ್ಪಾಟಾಯಿತು. ೧೮೯೫ರ ವೇಳೆಗೆ ಈ ಯೋಜನೆ ಪೂರ್ಣಗೊಂಡಿತು. ಬಯಲುಸೀಮೆಯ ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ಹಳ್ಳಕ್ಕೆ ಹೋಗಿ ತೋಡುವ ಒರತೆಗೂ ಸಕ್ಕರ್‌ನ ಬಾವಿಗೂ ತತ್ತ್ವದಲ್ಲಿ ಭೇದವಿಲ್ಲ. ಬಡವರ ಒರತೆಯು ಅಲ್ಲಿ ಒಂದು ನಗರದ ದಾಹವನ್ನು ತಣಿಸುವಷ್ಟು ದೊಡ್ಡದಾಯಿತು.

ಆ ಬಳಿಕ ಅವರ ಕೀರ್ತಿ ಹಬ್ಬುತ್ತ ಹೋಯಿತು. ೧೯೦೩ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ, ನೀರು ಗೊತ್ತಾದ ಮಟ್ಟಕ್ಕೇರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ೧೯೦೮ರಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ಹಾಳುಗೆಡವಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮುಂದೆ ಅಂಥ ಅನಾಹುತ ಮರುಕಳಿಸದಂತೆ ನಗರದ ಮೇಲುಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಅವರು ಸಲಹೆಯಿತ್ತರು. ೧೯೦೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ತಾಯ್ನಾಡಿಗೆ ಮರಳಿದರು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿ ಆಡಳಿತ ನಡೆಸಿದರು. ನೀತಿಯ ವಿಷಯದಲ್ಲಿ ಮಹಾರಾಜರೊಡನೆ ಅಭಿಪ್ರಾಯಭೇದವುಂಟಾದಾಗ ಅಧಿಕಾರವನ್ನು ಬಿಟ್ಟು ಹೊರಬಂದರು.

ಕನ್ನಡಿಗರು ಅವರನ್ನು ಇಂದಿಗೂ ನೆನೆಯುವುದು ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಗಾಗಿ. ೧೯೧೧ರಲ್ಲಿ ಆರಂಭವಾದ ಆ ಕಾರ್ಯ ಮುಗಿಯಲು ಎರಡು ದಶಕಗಳೇ ಬೇಕಾದವು. ಸಾವಿರಾರು ಕಾರ್ಮಿಕರು ಬಿಸಿಲು, ಮಳೆ, ಚಳಿಜ್ವರಗಳನ್ನು ಸಹಿಸಿ ದುಡಿದರು. ಅಣೆಕಟ್ಟೆಯ ಹಿಂದೆ ನಿಂತ ನೀರಿಗೆ ತಮ್ಮ ಮನೆಮಠಗಳನ್ನು ಬಿಟ್ಟುಕೊಟ್ಟ ಹಳ್ಳಿಗರ ತ್ಯಾಗವೂ ಅದರಲ್ಲಿ ಸೇರಿದೆ. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿಯಿಂದಾದ ಸುರ್ಕಿ ಗಾರೆಯನ್ನು ಬಳಸಿ, ಸುಮಾರು ೧೩೦ ಅಡಿ ಎತ್ತರದ ಆ ಕಲ್ಲುಕಟ್ಟಡವನ್ನು ಎಬ್ಬಿಸಲಾಯಿತು. ಕಾವೇರಿಯ ಪಾತ್ರದಲ್ಲಿ ಬಂಡೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮೇಲಿನ ಮರಳುಮಣ್ಣನ್ನು ತೆಗೆದು ಬಂಡೆಯ ಮೇಲೆ ತಳಪಾಯವನ್ನು ಹಾಕುವುದು ಅಲ್ಲಿ ಸಾಧ್ಯವಾಯಿತು.

ಆದರೆ ಬಂಡೆಯೇ ಸಿಕ್ಕದ ಕಡೆ ಕಟ್ಟಡ ಎಲ್ಲಿ ನಿಲ್ಲಬೇಕು? ಉತ್ತರ ಭಾರತದ ದೊಡ್ಡ ನದಿಗಳು ಎಂಜಿನಿಯರರ ಮುಂದಿಟ್ಟ ಪ್ರಶ್ನೆ ಇದು. ಹಿಮಾಲಯದಿಂದ ಇಳಿದು ಬರುವ ಗಂಗೆಯೂ ಅವಳ ಉಪನದಿಗಳೂ ಲಕ್ಷಾಂತರ ವರ್ಷಗಳಿಂದ ಹೊತ್ತು ತಂದ ಮರಳು ಮತ್ತು ಮೆಕ್ಕಲುಮಣ್ಣು ಆ ಬಯಲಿನಲ್ಲಿ ಪದರಪದರವಾಗಿ ಬಿದ್ದಿವೆ. ಆ ಬಯಲಿನ ಬಹುಭಾಗದಲ್ಲಿ ಎಷ್ಟು ಅಗೆದರೂ ಬಂಡೆ ಕೈಗೆ ಸಿಗದು. ಅಂಥ ನದಿಯಲ್ಲಿ ಸೇತುವೆಯ ಕಂಬವು ಮರಳಿನಲ್ಲಿಯೇ ನಿಲ್ಲಬೇಕು. ಈ ಮಾತನ್ನು ಕೇಳಿದರೆ ಯಾರಿಗಾದರೂ ಅಚ್ಚರಿಯಾದೀತು. ಮರಳಿನ ಮೇಲೆ ಕಟ್ಟಿದ ಮನೆ ನಿಲ್ಲದೆಂಬುದು ಲೋಕದ ನಂಬಿಕೆ. ಅದು ಎಷ್ಟರಮಟ್ಟಿಗೆ ದಿಟವೆಂಬುದನ್ನು ತಿಳಿಯಬೇಕಾದರೆ ಮರಳಿನ ಗುಣವನ್ನು ಅರಿಯಬೇಕು.

ಮರಳು ನೀರಿನಂತೆ ಸುರಿಯುತ್ತದೆ, ಕಲ್ಲಿನಂತೆ ಹೊರೆ ಹೊರುತ್ತದೆ. ಕೋಲನ್ನು ನೀರಿನಲ್ಲಿ ಅದ್ದಿದರೆ ನೀರು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಮರಳಿನಲ್ಲಿ ಹಾಗಲ್ಲ. ಕೋಲಿನ ತುದಿಯು ಒತ್ತಿದ ಕಣವು ತನ್ನ ಕೆಳಗಿನ ಕಣಗಳನ್ನು ಒತ್ತುತ್ತದೆ. ಅವು ತಮ್ಮ ನೆರೆಯ ಕಣಗಳನ್ನು ಒತ್ತುತ್ತವೆ. ಹೀಗೆ ಒತ್ತಡವು ಸರಪಣಿಗಳಂತೆ ಕಣದಿಂದ ಕಣಕ್ಕೆ ಹರಡಿ, ಮರದ ಬೇರಿನಂತೆ ಕವಲೊಡೆದು ದೂರದವರೆಗೆ ಸಾಗುತ್ತದೆ. ಕಣಗಳು ಒಂದರ ಮೇಲೊಂದು ಜಾರದಂತೆ ಅವುಗಳ ನಡುವಿನ ಘರ್ಷಣೆ ತಡೆಯುತ್ತದೆ. ಆಳಕ್ಕೆ ಹೋದಂತೆ ಮೇಲಿನ ಮರಳಿನ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಷ್ಟೂ ಕಣಗಳ ಹಿಡಿತ ಬಿಗಿಯಾಗುತ್ತದೆ. ಆದ್ದರಿಂದಲೇ ಮೂರನೆಯ ಗೇಣಿಗೆ ಕೋಲು ಅಲುಗದೆ ನಿಲ್ಲುತ್ತದೆ.

ಒತ್ತಾಗಿ ಕೂತ ಮರಳಿನಲ್ಲಿ ಇನ್ನೊಂದು ವಿಶೇಷವುಂಟು. ಅದರ ಕಣಗಳು ಸರಿಯಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು. ಹಾಗೆ ದಾಟುವಾಗ ಮರಳು ಸ್ವಲ್ಪ ಹಿಗ್ಗಬೇಕು. ಸಮುದ್ರತೀರದ ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಹೆಜ್ಜೆಯ ಸುತ್ತಲ ಮರಳು ಕ್ಷಣಕಾಲ ಒಣಗಿದಂತೆ ತೋರುವುದು ಇದರಿಂದಲೇ. ಹಿಗ್ಗಿದ ಮರಳಿನ ಸಂದುಗಳೊಳಗೆ ನೀರು ಇಳಿದುಹೋಗುತ್ತದೆ. ಇದನ್ನು ೧೮೮೫ರಲ್ಲಿ ವಿವರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಆಸ್‌ಬರ್ನ್ ರೆನಾಲ್ಡ್ಸ್. ಅದಕ್ಕೂ ಒಂದು ಶತಮಾನ ಹಿಂದೆಯೇ ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬರು ಮಣ್ಣು ಗೋಡೆಗಳ ಮೇಲೆ ಹೇರುವ ಒತ್ತಡವನ್ನು ಘರ್ಷಣೆಯ ನಿಯಮದಿಂದ ಲೆಕ್ಕ ಹಾಕಿದ್ದರು. ವಸ್ತುವೊಂದು ನಿಧಾನವಾಗಿ ಮರಳಿನೊಳಗೆ ಇಳಿಯುವಾಗ ಅದರ ಮುಳುಗಿದ ಗಾತ್ರಕ್ಕೆ ತಕ್ಕಂತೆ ಮರಳಿನ ತಡೆ ಹೆಚ್ಚುತ್ತದೆಂದು ಇತ್ತೀಚಿನ ವರ್ಷಗಳ ಪ್ರಯೋಗಗಳು ತೋರಿಸಿವೆ. ಇದು ನೀರಿನಲ್ಲಿ ಮುಳುಗಿದ ವಸ್ತುವನ್ನು ಕುರಿತ ಆರ್ಕಿಮಿಡೀಸನ ನಿಯಮವನ್ನು ನೆನಪಿಗೆ ತರುತ್ತದೆ. ಆದರೆ ಮರಳಿನ ತಡೆಯು ಅಷ್ಟೇ ಸಾಂದ್ರತೆಯ ದ್ರವವೊಂದು ಕೊಡಬಹುದಾದ ತಡೆಗಿಂತ ಅನೇಕ ಪಟ್ಟು ದೊಡ್ಡದು.

ಹೀಗೆ ಎದುರು ನಿಲ್ಲುವ ಮರಳಿನೊಳಗೆ ಸೇತುವೆಯ ಭಾರಿ ಕಂಬವನ್ನು ಇಳಿಸುವುದು ಹೇಗೆ? ಗುದ್ದಿ ಇಳಿಸುವುದು ಆಗದ ಮಾತು. ಭಾರತೀಯರು ಇದಕ್ಕೆ ಬಹು ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ಯಮುನೆಯ ದಡದ ತಾಜಮಹಲಿನ ತಳದಲ್ಲಿಯೂ ಬಾವಿಗಳ ಅಡಿಪಾಯವಿದೆ. ಮರಳಿನ ಮೇಲೆ ಹರಿತವಾದ ಅಂಚುಳ್ಳ ಬಳೆಯೊಂದನ್ನಿಟ್ಟು, ಅದರ ಮೇಲೆ ಬಾವಿಯ ಸುತ್ತುಗೋಡೆಯಂತೆ ಗೋಡೆಯನ್ನು ಕಟ್ಟುತ್ತಾರೆ. ಬಳಿಕ ಒಳಗಿನ ಮರಳನ್ನು ತೋಡಿ ಹೊರಹಾಕುತ್ತಾರೆ. ಅಂಚಿನ ಕೆಳಗಿನ ಆಸರೆ ತಪ್ಪಿದಂತೆ ಗೋಡೆಯು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಮೇಲೆ ಇನ್ನಷ್ಟು ಗೋಡೆ ಕಟ್ಟುತ್ತಾರೆ; ಒಳಗೆ ಇನ್ನಷ್ಟು ತೋಡುತ್ತಾರೆ. ಬೇಕಾದ ಆಳವನ್ನು ಮುಟ್ಟಿದ ಮೇಲೆ ಬಾವಿಯ ತಳವನ್ನು ಕಾಂಕ್ರೀಟಿನಿಂದ ಮುಚ್ಚುತ್ತಾರೆ. ಹೊರಗಿನ ಬಲವನ್ನು ಹೆಚ್ಚಿಸುವುದಕ್ಕಿಂತ ಒಳಗಿನ ಅಡ್ಡಿಯನ್ನು ತೆಗೆಯುವುದೇ ಈ ವಿದ್ಯೆಯ ಮರ್ಮ.

ಕೆಲಸವು ಹೇಳಿದಷ್ಟು ಸುಲಭವಲ್ಲ. ಬಾವಿಯು ಆಳಕ್ಕಿಳಿದಂತೆ ಮರಳು ಹೊರಮೈಯನ್ನು ಸುತ್ತಲಿಂದಲೂ ಅಪ್ಪಿ ಹಿಡಿಯುತ್ತದೆ. ಕೆಲವೊಮ್ಮೆ ದಿನಗಟ್ಟಲೆ ಬಾವಿ ಒಂದಂಗುಲವೂ ಇಳಿಯುವುದಿಲ್ಲ. ಆಗ ಮೇಲೆ ಭಾರ ಹೇರಬೇಕು, ಇಲ್ಲವೆ ಅಂಚಿನ ಬಳಿ ನೀರನ್ನು ರಭಸದಿಂದ ಚಿಮ್ಮಿಸಿ ಮರಳಿನ ಹಿಡಿತವನ್ನು ಸಡಿಲಿಸಬೇಕು. ಒಂದು ಪಕ್ಕದಲ್ಲಿ ಹೆಚ್ಚು ತೋಡಿದರೆ ಬಾವಿ ವಾಲುತ್ತದೆ. ಅದನ್ನು ನೆಟ್ಟಗೆ ತರುವುದು ಬಹಳ ಪ್ರಯಾಸದ ಕೆಲಸ. ಇದಲ್ಲದೆ ಪ್ರವಾಹ ಬಂದಾಗ ನದಿಯು ಕಂಬದ ಬುಡದ ಮರಳನ್ನು ಕೊರೆದು ಒಯ್ಯುತ್ತದೆ. ಅತಿ ದೊಡ್ಡ ಪ್ರವಾಹವು ಕೊರೆಯಬಹುದಾದ ಆಳಕ್ಕಿಂತಲೂ ಕೆಳಗೆ ಬಾವಿ ಹೋಗಿರಬೇಕು. ಲೆಕ್ಕದಲ್ಲಿ ತಪ್ಪಾದರೆ ಕಂಬ ಉರುಳುತ್ತದೆ. ಉರುಳುವುದು ಬರಿಯ ಕಲ್ಲುಕಬ್ಬಿಣವಲ್ಲ; ಅದರ ಮೇಲೆ ಸಾಗುವ ರೈಲಿನ ಜನರ ಪ್ರಾಣವೂ ಅದರೊಡನೆ ಹೋಗುತ್ತದೆ.

ಇಂಥ ಸೇತುವೆಯೊಂದರ ಹೊಣೆ ವಿಶ್ವೇಶ್ವರಯ್ಯನವರ ಪಾಲಿಗೆ ಬಂದದ್ದು ಅವರು ತೊಂಬತ್ತನ್ನು ದಾಟಿದ ಮೇಲೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಿಹಾರದ ಉತ್ತರ ಮತ್ತು ದಕ್ಷಿಣ ಭಾಗಗಳ ನಡುವೆ ಗಂಗೆಗೆ ಒಂದು ಸೇತುವೆಯೂ ಇರಲಿಲ್ಲ. ಮೊಕಾಮಾ ಘಾಟಿನಲ್ಲಿ ರೈಲಿನಿಂದ ಸರಕನ್ನು ಇಳಿಸಿ, ಹಡಗಿನಲ್ಲಿ ನದಿ ದಾಟಿಸಿ, ಆಚೆಯ ದಡದಲ್ಲಿ ಮತ್ತೆ ರೈಲಿಗೆ ತುಂಬಬೇಕಾಗಿತ್ತು. ಬೇಟೆಯ ಕಥನಗಳಿಂದ ಹೆಸರಾದ ಜಿಮ್ ಕಾರ್ಬೆಟರು ತಮ್ಮ ತಾರುಣ್ಯದಲ್ಲಿ ಅನೇಕ ವರ್ಷ ಈ ಘಾಟಿನಲ್ಲಿಯೇ ಸರಕು ಸಾಗಣೆಯ ಗುತ್ತಿಗೆದಾರರಾಗಿ ಕೂಲಿಗಳೊಡನೆ ದುಡಿದಿದ್ದರು. ಸ್ವತಂತ್ರ ಭಾರತವು ಇಲ್ಲಿ ಸೇತುವೆ ಕಟ್ಟಲು ಮನಸ್ಸು ಮಾಡಿತು. ಆದರೆ ಅದು ಯಾವ ಸ್ಥಳದಲ್ಲಿ ಆಗಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ಯಾರ ಒತ್ತಡಕ್ಕೂ ಬಾಗದೆ, ನದಿಯ ಗುಣವನ್ನು ಬಲ್ಲವರೊಬ್ಬರು ಹೇಳಬೇಕಾಗಿತ್ತು. ಸರ್ಕಾರದ ದೃಷ್ಟಿ ವಿಶ್ವೇಶ್ವರಯ್ಯನವರ ಕಡೆ ಹೊರಳಿತು.

ಆ ವಯಸ್ಸಿನಲ್ಲಿ ವಿಶ್ರಾಂತಿಯನ್ನು ಬಯಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಕಾಗದಪತ್ರಗಳನ್ನು ತರಿಸಿಕೊಂಡು ಬೆಂಗಳೂರಿನಲ್ಲಿ ಕುಳಿತೇ ಅಭಿಪ್ರಾಯ ಕೊಡಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಗಂಗೆಯ ದಡಕ್ಕೆ ತಾವೇ ಹೋಗಿ ನೆಲವನ್ನು ಕಣ್ಣಾರೆ ಕಂಡರು. ಸೇತುವೆಯ ಸ್ಥಳವನ್ನು ಆರಿಸುವಾಗ ಹತ್ತಿರದ ದಾರಿಯೊಂದನ್ನೇ ನೋಡಿದರೆ ಸಾಲದು. ನದಿಯು ಅಲ್ಲಿ ತನ್ನ ಪಾತ್ರವನ್ನು ಬದಲಿಸದೆ ನಿಲ್ಲುವುದೆ, ದಡಗಳು ಕುಸಿಯದಷ್ಟು ಭದ್ರವಾಗಿವೆಯೆ, ತಳದ ಮರಳು ಎಂಥದು, ಪ್ರವಾಹದ ಕೊರೆತ ಎಷ್ಟಿದ್ದೀತು, ರೈಲುಮಾರ್ಗವನ್ನು ಎರಡೂ ಕಡೆಯಿಂದ ಕೂಡಿಸುವುದು ಸಾಧ್ಯವೆ ಎಂಬುದನ್ನೆಲ್ಲ ತೂಗಿ ನೋಡಬೇಕು. ಎಲ್ಲವನ್ನೂ ಪರಿಶೀಲಿಸಿದ ಮೇಲೆ ಮೊಕಾಮಾದ ಬಳಿಯ ಸ್ಥಳವೇ ತಕ್ಕುದೆಂದು ತೀರ್ಮಾನವಾಯಿತು.

೧೯೫೬ರಲ್ಲಿ ರಾಷ್ಟ್ರಪತಿ ಡಾ. ರಾಜೇಂದ್ರಪ್ರಸಾದರು ಶಂಕುಸ್ಥಾಪನೆ ಮಾಡಿದರು. ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ, ರೈಲು ಮತ್ತು ರಸ್ತೆ ಎರಡನ್ನೂ ಹೊತ್ತ ಆ ಸೇತುವೆಯನ್ನು ೧೯೫೯ರ ಮೇ ತಿಂಗಳಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ರಾಜೇಂದ್ರ ಸೇತು ಎಂದು ಅದಕ್ಕೆ ಹೆಸರಾಯಿತು. ಬಿಹಾರದಲ್ಲಿ ಗಂಗೆಯನ್ನು ದಾಟಿದ ಮೊದಲ ಸೇತುವೆ ಅದು. ಪಾಟ್ನಾ ನಗರದಲ್ಲಿ ಗಂಗೆಗೆ ಸೇತುವೆಯಾಗಲು ೧೯೮೨ರವರೆಗೆ ಕಾಯಬೇಕಾಯಿತು. ದಡದಿಂದ ದಡಕ್ಕೆ ಹಡಗಿನಲ್ಲಿ ಸಾಗುತ್ತಿದ್ದ ಧಾನ್ಯ, ಕಲ್ಲಿದ್ದಲು, ಜನ ಎಲ್ಲವೂ ಇನ್ನು ಸೇತುವೆಯ ಮೇಲೆ ಹರಿದವು. ಮರಳಿನೊಳಗೆ ಆಳವಾಗಿ ಇಳಿದ ಬಾವಿಗಳು ಆ ಭಾರವನ್ನು ಮೌನವಾಗಿ ಹೊತ್ತವು.

ಇಲ್ಲಿ ಗಮನಿಸಬೇಕಾದ ಸೋಜಿಗವೊಂದಿದೆ. ಬಾವಿಯನ್ನು ಇಳಿಸುವಾಗ ಮರಳು ಹೆಜ್ಜೆಹೆಜ್ಜೆಗೂ ಅಡ್ಡಿ ಮಾಡುತ್ತದೆ. ಕೆಳಗಿನಿಂದ ಎದುರೊತ್ತುತ್ತದೆ, ಪಕ್ಕಗಳಿಂದ ಹಿಡಿದು ನಿಲ್ಲಿಸುತ್ತದೆ. ಕೆಲಸಗಾರರು ಅದನ್ನು ಶಪಿಸಿದರೂ ಶಪಿಸಿಯಾರು. ಆದರೆ ಸೇತುವೆ ಮುಗಿದು ರೈಲು ಓಡತೊಡಗಿದ ದಿನದಿಂದ ಅದನ್ನು ಹೊತ್ತು ನಿಲ್ಲುವುದೂ ಅದೇ ತಡೆಯೇ. ತಳದಲ್ಲಿ ಎದುರೊತ್ತುವ ಮರಳು ಭಾರಕ್ಕೆ ಬೆನ್ನು ಕೊಡುತ್ತದೆ. ಪಕ್ಕದಲ್ಲಿ ಅಪ್ಪಿ ಹಿಡಿದ ಮರಳು ಕಂಬವನ್ನು ಕದಲಗೊಡುವುದಿಲ್ಲ. ಸುಲಭವಾಗಿ ದಾರಿ ಬಿಡುವ ಕೆಸರಿನಲ್ಲಿ ಬಾವಿ ಬೇಗ ಇಳಿದೀತು. ಆದರೆ ಅಂಥಲ್ಲಿ ಸೇತುವೆ ನಿಲ್ಲಲಾರದು. ಇಳಿಯುವಾಗ ಕಾಡಿದ ಮರಳೇ ನಿಂತ ಮೇಲೆ ಕಾಯುತ್ತದೆ.

ವಿಶ್ವೇಶ್ವರಯ್ಯನವರ ಬಾಳಿಗೂ ಈ ಮಾತು ಒಪ್ಪುತ್ತದೆ. ಬಾಲ್ಯದ ಬಡತನ, ತಂದೆಯ ಅಗಲಿಕೆ, ಖಾನ್‌ದೇಶದ ತುಂಬುಹೊಳೆ, ಸಕ್ಕರ್‌ನ ಬರಿದಾದ ಬೊಕ್ಕಸ ಇವೆಲ್ಲ ಅವರ ದಾರಿಗೆ ಅಡ್ಡ ಬಂದವು. ಅವುಗಳನ್ನು ಅವರು ರೋಷದಿಂದ ಗುದ್ದಲಿಲ್ಲ. ಒಂದೊಂದರ ಸ್ವಭಾವವನ್ನೂ ತಾಳ್ಮೆಯಿಂದ ಅರಿತು, ಒಳಗಿನ ಅಡ್ಡಿಯನ್ನು ಕಿತ್ತು, ಆಳಕ್ಕೆ ಇಳಿದರು. ಅಷ್ಟು ಆಳಕ್ಕಿಳಿದ ಬದುಕು ಮುಂದೆ ಯಾವ ಪ್ರವಾಹಕ್ಕೂ ವಾಲಲಿಲ್ಲ. ಹಿರಿಯ ಅಧಿಕಾರವಾಗಲಿ, ೧೯೫೫ರಲ್ಲಿ ಬಂದ ಭಾರತರತ್ನ ಪ್ರಶಸ್ತಿಯಾಗಲಿ ಅವರ ಶಿಸ್ತನ್ನು ಸಡಿಲಿಸಲಿಲ್ಲ.

೧೯೬೦ರಲ್ಲಿ ನಾಡು ಅವರ ಜನ್ಮಶತಮಾನೋತ್ಸವವನ್ನು ಅವರ ಸಮ್ಮುಖದಲ್ಲಿಯೇ ಆಚರಿಸಿತು. ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ೧೯೬೨ರ ಏಪ್ರಿಲ್ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಶರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ, ನಂದಿಯ ಬೆಟ್ಟಸಾಲಿನ ನೆರಳಿನಲ್ಲಿ, ಅವರ ಸಮಾಧಿಯಿದೆ. ಅವರು ಹುಟ್ಟಿದ ಸೆಪ್ಟೆಂಬರ್ ೧೫ನ್ನು ದೇಶವು ಎಂಜಿನಿಯರರ ದಿನವೆಂದು ಆಚರಿಸುತ್ತದೆ.

ಮಳೆ ನಿಂತ ಮೇಲೆ ಅದೇ ಬೆಟ್ಟಸಾಲಿನ ಕೆಳಗಿನ ಹಳ್ಳಗಳಲ್ಲಿ ಮಕ್ಕಳು ಮರಳಿಗೆ ಕೋಲನ್ನು ಊರಿ ಆಡುತ್ತಾರೆ. ಕೋಲು ಮೂರನೆಯ ಗೇಣಿನಲ್ಲಿ ತಡೆದು ನಿಂತಾಗ ಅವರು ಬೇಸರದಿಂದ ಅದನ್ನು ಎಸೆದುಹೋಗದಿರಲಿ. ಮಹಾಸೇತುವೆಗಳನ್ನು ಹೊತ್ತು ನಿಂತಿರುವುದು ಆ ತಡೆಯೇ.